ಊರಿನ ಕಣ್ಣು, ಹೊರನಾಡಿನ ಅಣಬೆ: ತಿನ್ನೋದು ಯಾವುದು, ಕೊಲ್ಲೋದು ಯಾವುದು?

ಜರ್ಮನಿಯಲ್ಲಿ ಈಗ ಸೆಪ್ಟೆಂಬರ್ ಕೊನೆ. ಎರಡು ದಿನ ಮಳೆ ಬಂದು ಬಿಸಿಲು ಕಾಣಿಸಿದರೆ ಸಾಕು, ಶನಿವಾರ ಬೆಳಗ್ಗೆ ಜನ ಬುಟ್ಟಿ ಹಿಡ್ಕೊಂಡು ಕಾಡಿನ ಕಡೆ ಹೊರಡ್ತಾರೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಎಲ್ಲರೂ. ಇದು ಇಲ್ಲಿನ ಅಣಬೆ ಸೀಸನ್.

ಸ್ಟುಟ್‌ಗಾರ್ಟ್ ಕಡೆಯ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಅಮ್ಮ ತೀರ್ಥಹಳ್ಳಿ ಕಡೆಯವರು. ಮೂರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದಾರೆ. ಸಂಜೆ ವಾಕಿಂಗ್ ಹೋದಾಗ ಮರದ ಬುಡದಲ್ಲಿ ಅಣಬೆ ಕಂಡರೆ ಅಮ್ಮನಿಗೆ ಕೈ ತಡೆಯೋದೇ ಇಲ್ಲವಂತೆ. "ಚಿಕ್ಕಂದಿನಿಂದ ಕಿತ್ತು ತಿಂದವಳು ನಾನು, ನನಗೆ ಗೊತ್ತಾಗಲ್ವಾ? ಹುಳ ತಿಂದಿದೆ ನೋಡು, ಅಂದ್ರೆ ಒಳ್ಳೇದೇ" ಅಂತಾರಂತೆ. ಮಗಳ ಪ್ರಶ್ನೆ ಇಷ್ಟೇ: "ಅಮ್ಮನ ಅನುಭವವನ್ನ ನಂಬಬಹುದಾ?"

ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಅಮ್ಮನ ಅನುಭವ ಸುಳ್ಳಲ್ಲ. ಆದರೆ ಅದು ತೀರ್ಥಹಳ್ಳಿಯ ಕಾಡಿನ ಅನುಭವ. ಇಲ್ಲಿನ ಕಾಡಿನಲ್ಲಿ ಅದನ್ನು ನಂಬಿ ಒಲೆ ಹಚ್ಚಬಾರದು. ಯಾಕೆ ಅನ್ನೋದೇ ಇವತ್ತಿನ ಪಾಠ.

ಗೊತ್ತಿದ್ದವರೇ ಯಾಕೆ ಮೋಸಹೋಗ್ತಾರೆ?

ಅಣಬೆ ವಿಷದ ಬಗ್ಗೆ ಓದ್ತಾ ಹೋದರೆ ಒಂದು ವಿಚಾರ ಮತ್ತೆ ಮತ್ತೆ ಎದುರಾಗುತ್ತೆ. ವಿಷಕ್ಕೆ ತುತ್ತಾದವರಲ್ಲಿ ಬಹಳ ಜನ ಅಣಬೆಯ ಗಂಧಗಾಳಿ ಇಲ್ಲದವರಲ್ಲ. ತಮ್ಮ ಊರಿನಲ್ಲಿ ಅಣಬೆ ಕಿತ್ತು ಅಭ್ಯಾಸ ಇದ್ದು, ಬೇರೆ ದೇಶಕ್ಕೆ ಬಂದವರು.

2015ರ ಸೆಪ್ಟೆಂಬರ್‌ನಲ್ಲಿ ಜರ್ಮನಿಗೆ ಆಗಷ್ಟೇ ಬಂದಿದ್ದ ಸಿರಿಯಾದ ನಿರಾಶ್ರಿತರಲ್ಲಿ ಹಲವರು ಕಾಡಿನ ಅಣಬೆ ತಿಂದು ಆಸ್ಪತ್ರೆ ಸೇರಿದರು. ಹ್ಯಾನೋವರ್‌ನ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆ ಆಮೇಲೆ ಅರಬ್ಬಿ, ಕುರ್ದಿಶ್ ಮೊದಲಾದ ಭಾಷೆಗಳಲ್ಲಿ ಎಚ್ಚರಿಕೆಯ ಪೋಸ್ಟರ್ ಹೊರತಂದಿತು. 2021ರಲ್ಲಿ ಅಫ್ಘಾನಿಸ್ತಾನದಿಂದ ಪೋಲೆಂಡ್‌ಗೆ ಬಂದಿಳಿದ ಒಂದು ಕುಟುಂಬ, ವಾರ್ಸಾ ಹತ್ತಿರದ ಶಿಬಿರದ ಪಕ್ಕದ ಕಾಡಿನಲ್ಲಿ ಸಿಕ್ಕ ಅಣಬೆಯಿಂದ ಸೂಪ್ ಮಾಡಿಕೊಂಡಿತು. ಐದು ಮತ್ತು ಆರು ವರ್ಷದ ಇಬ್ಬರು ಅಣ್ಣತಮ್ಮಂದಿರು ತೀರಿಕೊಂಡರು. 2011ರ ಕೊನೆಯ ದಿನ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, ಚೀನಾ ಮೂಲದ ಅಡುಗೆಯವರೊಬ್ಬರು ಹೊಸ ವರ್ಷದ ಊಟಕ್ಕೆ ಕಾಡು ಅಣಬೆ ಬಳಸಿದರು. ಅವರೂ ಅವರ ಸಹಾಯಕಿಯೂ ಉಳಿಯಲಿಲ್ಲ.

ಮೂರೂ ಕಡೆ ಒಂದೇ ಅಣಬೆ. ಇಂಗ್ಲಿಷ್‌ನಲ್ಲಿ ಡೆತ್ ಕ್ಯಾಪ್, ಜರ್ಮನ್‌ನಲ್ಲಿ ಗ್ರ್ಯೂನರ್ ಕ್ನೋಲೆನ್‌ಬ್ಲೆಟರ್‌ಪಿಲ್ಟ್ಸ್, ವಿಜ್ಞಾನದಲ್ಲಿ ಅಮನಿಟಾ ಫಾಲ್ಲಾಯ್ಡಿಸ್. ಜಗತ್ತಿನಲ್ಲಿ ಅಣಬೆ ತಿಂದು ಸಾಯುವವರಲ್ಲಿ ಬಹುಪಾಲು ಜನರ ಸಾವಿಗೆ ಈ ಒಂದೇ ಜಾತಿ ಕಾರಣ. ನಾವು ಕನ್ನಡದಲ್ಲಿ ಇದನ್ನ "ಸಾವಿನ ಕೊಡೆ" ಅಂತ ಕರೆಯೋಣ.

ಕ್ಯಾನ್‌ಬೆರಾದ ಉದಾಹರಣೆ ನಮಗೆ ಮುಖ್ಯ. ಪೂರ್ವ ಮತ್ತು ಆಗ್ನೇಯ ಏಷ್ಯಾದ ಅಡುಗೆಯಲ್ಲಿ ಭತ್ತದ ಹುಲ್ಲಿನ ಮೇಲೆ ಬೆಳೆಯುವ ಅಣಬೆ ತುಂಬಾ ಬಳಕೆಯಲ್ಲಿದೆ. ನಮ್ಮ ದೇಶದಲ್ಲೂ ಬೆಳೀತಾರೆ. ಎಳೆಯದಾಗಿದ್ದಾಗ ಅದು ಮೊಟ್ಟೆ ಥರ ಒಂದು ಚೀಲದೊಳಗೆ ಇರುತ್ತೆ, ಬೆಳೆದಾಗ ಆ ಚೀಲ ಹರಿದು ಬುಡದಲ್ಲಿ ಉಳಿಯುತ್ತೆ. ಸಾವಿನ ಕೊಡೆಯೂ ಹಾಗೇ ಹುಟ್ಟೋದು, ಹಾಗೇ ಬೆಳೆಯೋದು. ಊರಲ್ಲಿ ಮೊದಲನೆಯದನ್ನ ನೂರು ಸಲ ನೋಡಿದ ಕಣ್ಣು, ಇಲ್ಲಿ ಎರಡನೆಯದನ್ನ ನೋಡಿದಾಗ "ಓ, ಇದು ಅದೇ" ಅಂತ ಹೇಳುತ್ತೆ. ಮೋಸ ನಡೆಯೋದು ಅಲ್ಲಿ.

ನಮ್ಮ ಮಲೆನಾಡಿನ ಕಣ್ಣು ಏನು ನೋಡುತ್ತೆ?

ಈಗ ಅಮ್ಮನ ಕಡೆಗೆ ಬರೋಣ. ಮಲೆನಾಡು, ಕರಾವಳಿ, ಕೊಡಗಿನಲ್ಲಿ ಮುಂಗಾರು ಶುರುವಾಗಿ ಗುಡುಗು ಸಿಡಿದರೆ ಅಣಬೆ ಏಳುತ್ತೆ ಅನ್ನೋ ಮಾತಿದೆ. ಕೊಡಗಿನಲ್ಲಿ ಕುಮ್ಮು ಅಂತಾರೆ. ಅಲ್ಲಿ ಜನ ಆಸೆಪಟ್ಟು ಹುಡುಕುವ ಅಣಬೆಗಳಲ್ಲಿ ಮುಖ್ಯವಾದದ್ದು ಹುತ್ತದ ಅಣಬೆ. ವಿಜ್ಞಾನದಲ್ಲಿ ಟರ್ಮಿಟೊಮೈಸಿಸ್ ಅನ್ನೋ ಗುಂಪು. ಗೆದ್ದಲು ಹುಳುಗಳು ಹುತ್ತದೊಳಗೆ ಎಲೆ, ಕಡ್ಡಿಗಳ ಪುಡಿ ಸೇರಿಸಿ ಒಂದು ತೋಟ ಮಾಡಿ, ಅದರಲ್ಲಿ ಈ ಶಿಲೀಂಧ್ರವನ್ನ ಬೆಳೆಸುತ್ತವೆ. ಮಳೆ ಬಿದ್ದಾಗ ಆ ತೋಟದಿಂದ ಉದ್ದನೆಯ ಬೇರಿನಂಥ ದಂಟು ಮಣ್ಣು ಸೀಳಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತೆ.

ಹುತ್ತದ ಅಣಬೆ ಕೀಳುವ ಹಳ್ಳಿಯ ಹೆಂಗಸು ಬರೀ ಅಣಬೆ ನೋಡಲ್ಲ. ಆ ಜಾಗ ಗೊತ್ತು: ಹೋದ ವರ್ಷವೂ ಅಲ್ಲೇ ಎದ್ದಿತ್ತು. ಕಾಲ ಗೊತ್ತು. ಕೆಳಗೆ ಹುತ್ತ ಇದೆ ಅಂತ ಗೊತ್ತು. ಕೊಡೆಯ ನಡುವೆ ಮೊಲೆತೊಟ್ಟಿನಂಥ ಚೂಪು ಇರುತ್ತೆ ಅಂತ ಗೊತ್ತು. ಎಳೆದರೆ ಉದ್ದ ಬೇರು ಬರುತ್ತೆ ಅಂತ ಗೊತ್ತು. ಇಷ್ಟೂ ಸೇರಿ ಆಕೆಯ ತಿಳಿವಳಿಕೆ. ಕೇಳಿದರೆ ಆಕೆ ಇದನ್ನೆಲ್ಲ ಪಟ್ಟಿ ಮಾಡಿ ಹೇಳಲಾರಳು, "ನೋಡಿದ್ರೆ ಗೊತ್ತಾಗುತ್ತೆ" ಅಂತಾಳೆ.

ಶಿಲೀಂಧ್ರ ಬೆಳೆಸುವ ಈ ಗೆದ್ದಲುಗಳು ಇರೋದು ಆಫ್ರಿಕಾ ಮತ್ತು ಏಷ್ಯಾದಲ್ಲಿ ಮಾತ್ರ. ಯೂರೋಪಿನಲ್ಲಿಲ್ಲ, ಅಮೆರಿಕದಲ್ಲಿಲ್ಲ, ಆಸ್ಟ್ರೇಲಿಯಾದಲ್ಲೂ ಇಲ್ಲ. ಅಂದ್ರೆ ಸ್ಟುಟ್‌ಗಾರ್ಟ್‌ನ ಕಾಡಿನಲ್ಲಾಗಲಿ, ಕ್ಯಾಲಿಫೋರ್ನಿಯಾದ ಪಾರ್ಕಿನಲ್ಲಾಗಲಿ ಹುತ್ತದ ಅಣಬೆ ಹುಟ್ಟೋದಕ್ಕೆ ಸಾಧ್ಯವೇ ಇಲ್ಲ. ಅಲ್ಲಿ ಕಂಡದ್ದು ಅದರ ಥರ ಇದ್ದರೆ, ಅದು ಖಂಡಿತ ಬೇರೇನೋ. ಮನೆಗೆ ಬಂದ ಹಿರಿಯರಿಗೆ ಹೇಳುವಾಗ ಈ ಒಂದು ಮಾತು ಹೇಳಿ. "ನಿಮಗೆ ಗೊತ್ತಿಲ್ಲ" ಅಂದ್ರೆ ಅವರಿಗೆ ಬೇಜಾರಾಗುತ್ತೆ. "ನಿಮಗೆ ಗೊತ್ತಿರೋ ಅಣಬೆ ಈ ದೇಶದಲ್ಲಿ ಬೆಳೆಯೋದೇ ಇಲ್ಲಮ್ಮ, ಇಲ್ಲಿ ಅದನ್ನ ಬೆಳೆಸೋ ಗೆದ್ದಲಿಲ್ಲ" ಅಂದ್ರೆ ಅರ್ಥ ಮಾಡ್ಕೋತಾರೆ.

ಕರಾವಳಿಯ ಕಲ್ಲಣಬೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದು ಸಣ್ಣ ಆಲೂಗಡ್ಡೆ ಥರ ಗುಂಡಗೆ ಇರುತ್ತೆ, ಒಳಗೆ ಬೆಳ್ಳಗಿರುವಾಗಲೇ ತಿಂತಾರೆ. ಸಾವಿನ ಕೊಡೆ ಎಳೆಯದಾಗಿ ಇನ್ನೂ ಚೀಲದೊಳಗೇ ಇರುವಾಗ ಅದೂ ಒಂದು ಬಿಳಿ ಗುಂಡು. ಉದ್ದಕ್ಕೆ ಸೀಳಿದರೆ ಮಾತ್ರ ಒಳಗೆ ಕೊಡೆ ಮತ್ತು ದಂಟಿನ ಆಕಾರ ಗೆರೆ ಎಳೆದ ಹಾಗೆ ಕಾಣಿಸುತ್ತೆ.

ಸಾವಿನ ಕೊಡೆ ಎಲ್ಲಿಂದ ಎಲ್ಲಿಗೆ?

ಇದರ ಮೂಲ ಯೂರೋಪ್. ಓಕ್, ಬೀಚ್ ಮುಂತಾದ ಮರಗಳ ಬೇರಿನ ಜೊತೆ ಇದು ಕೊಡು-ಕೊಳ್ಳುವ ಸಂಬಂಧ ಇಟ್ಟುಕೊಂಡಿರುತ್ತೆ. ಶಿಲೀಂಧ್ರ ಮಣ್ಣಿನಿಂದ ನೀರು, ಲವಣ ಹೀರಿ ಮರಕ್ಕೆ ಕೊಡುತ್ತೆ. ಮರ ತಾನು ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತೆ. ನಾವು ಅಣಬೆ ಅನ್ನೋದು ಅದರ ಹಣ್ಣು ಮಾತ್ರ. ಅದರ ಜೀವ ಎಲ್ಲಾ ಮಣ್ಣಿನೊಳಗೆ ದಾರದ ಬಲೆಯ ಹಾಗೆ ಹರಡಿರುತ್ತೆ.

ಯೂರೋಪಿನ ಜನ ಬೇರೆ ಖಂಡಗಳಿಗೆ ಹೋಗುವಾಗ ತಮ್ಮ ಮರದ ಸಸಿಗಳನ್ನೂ ತಗೊಂಡು ಹೋದರು. ಸಸಿಯ ಬೇರಿನ ಜೊತೆ ಈ ಶಿಲೀಂಧ್ರವೂ ಹೋಯಿತು. ಇವತ್ತು ಆಸ್ಟ್ರೇಲಿಯಾದ ಕ್ಯಾನ್‌ಬೆರಾ, ಮೆಲ್ಬರ್ನ್‌ನಲ್ಲಿ ಬೀದಿ ಬದಿಯ ಓಕ್ ಮರದ ಕೆಳಗೆ ಇದಿದೆ. ಕೆನಡಾದ ವ್ಯಾಂಕೂವರ್‌ನಲ್ಲಿ ರಸ್ತೆ ಪಕ್ಕ ನೆಟ್ಟ ಹಾರ್ನ್‌ಬೀಮ್ ಮರಗಳ ಕೆಳಗೂ ಇದಿದೆ. ಕ್ಯಾಲಿಫೋರ್ನಿಯಾದಲ್ಲಂತೂ ಅಲ್ಲಿನ ಓಕ್ ಮರಗಳಿಗೂ ಹಬ್ಬಿಕೊಂಡಿದೆ. 2016ರ ಡಿಸೆಂಬರ್ ತಿಂಗಳೊಂದರಲ್ಲೇ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 14 ಜನ ಇದನ್ನು ತಿಂದು ಆಸ್ಪತ್ರೆ ಸೇರಿದರು. ಎಲ್ಲರೂ ಬದುಕಿದರು, ಆದರೆ ಮೂವರಿಗೆ ಯಕೃತ್ತನ್ನೇ ಬದಲಿಸಬೇಕಾಯಿತು. ಬೇ ಏರಿಯಾ ಕೇಳುಗರೇ, ನಿಮಗೆ ಇದು ದೂರದ ಕಾಡಿನ ಕಥೆ ಅಲ್ಲ. ಮನೆ ಪಕ್ಕದ ಪಾರ್ಕಿನ ಕಥೆ.

ವಿಷ ಒಳಗೆ ಹೋಗಿ ಏನು ಮಾಡುತ್ತೆ?

ಇದರಲ್ಲಿರುವ ವಿಷಗಳಲ್ಲಿ ಮುಖ್ಯವಾದದ್ದು ಆಲ್ಫಾ ಅಮನಿಟಿನ್. ನಮ್ಮ ಜೀವಕೋಶದೊಳಗೆ ಡಿಎನ್‌ಎ ಅನ್ನೋದು ಅಡುಗೆ ಪುಸ್ತಕ ಇದ್ದ ಹಾಗೆ ಅಂದುಕೊಳ್ಳಿ. ಆ ಪುಸ್ತಕ ಕೋಣೆಯಿಂದ ಹೊರಗೆ ಬರೋ ಹಾಗಿಲ್ಲ. ಬೇಕಾದ ಪುಟವನ್ನ ನಕಲು ಮಾಡಿ ಅಡುಗೆಮನೆಗೆ ಕಳಿಸಬೇಕು. ಆ ನಕಲು ಮಾಡುವ ಗುಮಾಸ್ತನ ಹೆಸರು ಆರ್‌ಎನ್‌ಎ ಪಾಲಿಮರೇಸ್ ಎರಡು. ಅಮನಿಟಿನ್ ಹೋಗಿ ಈ ಗುಮಾಸ್ತನ ಕೈ ಹಿಡಿದುಬಿಡುತ್ತೆ. ನಕಲು ನಿಂತರೆ ಹೊಸ ಪ್ರೋಟೀನ್ ಇಲ್ಲ. ಹಳೆಯದು ಸವೆದ ಮೇಲೆ ಕೋಶ ಸಾಯುತ್ತೆ.

ಲಕ್ಷಣ ತಡವಾಗಿ ಬರೋದೂ ಇದಕ್ಕೇ. ತಿಂದ ತಕ್ಷಣ ಏನೂ ಆಗಲ್ಲ. ರುಚಿಯೂ ಚೆನ್ನಾಗೇ ಇತ್ತು ಅಂತ ಬದುಕಿ ಉಳಿದವರು ಹೇಳಿದ್ದಾರೆ. ಸಾಮಾನ್ಯವಾಗಿ 6ರಿಂದ 24 ಗಂಟೆ ಆದ ಮೇಲೆ ಜೋರಾಗಿ ವಾಂತಿ, ನೀರಿನಂಥ ಭೇದಿ ಶುರುವಾಗುತ್ತೆ. ಒಂದು ದಿನದ ನಂತರ ಅದು ಕಡಿಮೆಯಾಗುತ್ತೆ. ರೋಗಿ ಎದ್ದು ಕೂತು "ಪರವಾಗಿಲ್ಲ, ಫುಡ್ ಪಾಯ್ಸನ್ ಆಗಿತ್ತು ಅನ್ಸುತ್ತೆ" ಅಂತಾನೆ. ತುಂಬಾ ಅಪಾಯದ ಘಟ್ಟ ಇದು. ಹೊರಗೆ ಚೇತರಿಕೆ ಕಾಣ್ತಿರುವಾಗಲೇ ಒಳಗೆ ಯಕೃತ್ತಿನ ಕೋಶಗಳು ಸಾಯ್ತಾ ಇರುತ್ತವೆ. ಮೂರು, ನಾಲ್ಕನೇ ದಿನದ ಹೊತ್ತಿಗೆ ಕಣ್ಣು ಹಳದಿಯಾಗಿ, ಯಕೃತ್ತು ಕೈಕೊಡುತ್ತೆ.

ಇನ್ನೊಂದು ತೊಡಕಿದೆ. ಯಕೃತ್ತು ಈ ವಿಷವನ್ನ ಪಿತ್ತರಸದ ಜೊತೆ ಕರುಳಿಗೆ ಬಿಡುತ್ತೆ. ಕರುಳು ಅದನ್ನ ಮತ್ತೆ ಹೀರಿಕೊಂಡು ಯಕೃತ್ತಿಗೇ ವಾಪಸ್ ಕಳಿಸುತ್ತೆ. ಹೀಗೆ ಸುತ್ತು ಹೊಡೀತಾ ಇರುತ್ತೆ. ಈ ಸುತ್ತನ್ನ ಮುರಿಯೋಕೆ ಆಸ್ಪತ್ರೆಯಲ್ಲಿ ಸಕ್ರಿಯ ಇದ್ದಿಲು ಮತ್ತೆ ಮತ್ತೆ ಕೊಡ್ತಾರೆ, ರಕ್ತನಾಳಕ್ಕೆ ಧಾರಾಳವಾಗಿ ದ್ರವ ಕೊಡ್ತಾರೆ. ಯೂರೋಪಿನಲ್ಲಿ ಸಿಲಿಬಿನಿನ್ ಅನ್ನೋ ಔಷಧಿಯನ್ನೂ ಕೊಡ್ತಾರೆ. ಅದು ಮಿಲ್ಕ್ ಥಿಸಲ್ ಅನ್ನೋ ಮುಳ್ಳುಗಿಡದ ಬೀಜದಿಂದ ಬಂದದ್ದು, ವಿಷ ಯಕೃತ್ತಿನ ಕೋಶದೊಳಗೆ ನುಗ್ಗುವ ಬಾಗಿಲನ್ನೇ ಅಡ್ಡಗಟ್ಟುತ್ತೆ. ಬೇಗ ಹೋದವರಲ್ಲಿ ಬಹುಪಾಲು ಜನ ಉಳೀತಾರೆ. ತಡಮಾಡಿದವರಿಗೆ ಯಕೃತ್ ಕಸಿ ಒಂದೇ ದಾರಿ ಆಗಬಹುದು.

ಪ್ರಮಾಣ ಎಷ್ಟು? ದೇಹದ ತೂಕದ ಒಂದು ಕಿಲೋಗೆ ಸುಮಾರು 0.1 ಮಿಲಿಗ್ರಾಂ ಅಮನಿಟಿನ್ ಸಾಕು ಅಂತ ಲೆಕ್ಕ. 60 ಕಿಲೋ ಇರುವವರಿಗೆ 6 ಮಿಲಿಗ್ರಾಂ ಆಯಿತು. 15 ಕಿಲೋ ಮಗುವಿಗೆ ಒಂದೂವರೆ ಮಿಲಿಗ್ರಾಂ. ದೊಡ್ಡವರನ್ನ ಕೊಲ್ಲುವಷ್ಟು ವಿಷ ಮಧ್ಯಮ ಗಾತ್ರದ ಒಂದೇ ಅಣಬೆಯಲ್ಲಿ ಇರಬಹುದು. ಬೇಯಿಸಿದರೂ, ಒಣಗಿಸಿದರೂ, ಫ್ರೀಜರ್‌ನಲ್ಲಿಟ್ಟರೂ ಈ ವಿಷ ಹಾಳಾಗಲ್ಲ. ಆದರೆ ಮುಟ್ಟಿದರೆ ಏನೂ ಆಗಲ್ಲ. ಹೊಟ್ಟೆಗೆ ಹೋದರೆ ಮಾತ್ರ ವಿಷ. ಅದಕ್ಕೆ ಮಗು ಅಣಬೆ ಮುಟ್ಟಿತು ಅಂತ ಗಾಬರಿ ಬೇಡ. ಬಾಯಿಗೆ ಹಾಕಿಕೊಂಡಿತಾ ಅನ್ನೋದನ್ನ ನೋಡಿ, ಕೈ ತೊಳೆಸಿ.

ಮನೆಮಾತಿನ ಪರೀಕ್ಷೆಗಳು

"ಹುಳ ತಿಂದಿದ್ರೆ ಒಳ್ಳೇದು." ತಪ್ಪು. ಸಾವಿನ ಕೊಡೆಯನ್ನ ಗೊಂಡೆಹುಳ ಆರಾಮಾಗಿ ತಿನ್ನುತ್ತೆ. ಅಮನಿಟಿನ್‌ಗೆ ಜಗ್ಗದೆ ಇಂಥ ಅಣಬೆಯೊಳಗೇ ಮರಿ ಬೆಳೆಸುವ ಹಣ್ಣುನೊಣಗಳ ಜಾತಿಗಳೂ ಇವೆ. ಅವುಗಳ ಮೈ ಬೇರೆ, ನಮ್ಮ ಮೈ ಬೇರೆ.

"ಬೆಳ್ಳಿ ಚಮಚ ಹಾಕಿದ್ರೆ ಕಪ್ಪಾಗುತ್ತೆ, ಬೆಳ್ಳುಳ್ಳಿ ಹಾಕಿದ್ರೆ ಬಣ್ಣ ತಿರುಗುತ್ತೆ." ತಪ್ಪು. ಬೆಳ್ಳಿ ಕಪ್ಪಾಗೋದು ಗಂಧಕದ ಸಂಯುಕ್ತಗಳಿಂದ. ಅಮನಿಟಿನ್ ಇರೋದು ಬಿಡೋದು ಚಮಚಕ್ಕೆ ಗೊತ್ತಾಗಲ್ಲ.

"ಬಣ್ಣ ಬಣ್ಣದ್ದು ವಿಷ, ಬಿಳಿದು ಒಳ್ಳೇದು." ತಪ್ಪು. ಮಕ್ಕಳ ಪುಸ್ತಕದಲ್ಲಿ ಬರುವ ಕೆಂಪು ಕೊಡೆಯ ಮೇಲೆ ಬಿಳಿ ಚುಕ್ಕೆ ಇರುವ ಅಣಬೆ ವಿಷದ್ದೇ, ಆದರೆ ಅದು ಕೊಲ್ಲೋದು ಬಹಳ ಅಪರೂಪ. ಸಾವಿನ ಕೊಡೆ ತಿಳಿ ಹಸಿರು, ಮಳೆಗೆ ತೊಳೆದು ಹೋದರೆ ಬಹುತೇಕ ಬಿಳಿ. ಇನ್ನೊಂದು ಕಡೆ, ಮೊಟ್ಟೆಯ ಭಂಡಾರದಂಥ ಹಳದಿ ಬಣ್ಣದ ಫಿಫರ್‌ಲಿಂಗ್ ಇಲ್ಲಿ ಎಲ್ಲರೂ ತಿನ್ನುವ ಅಣಬೆ.

"ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ." ಇದಕ್ಕೆ ಉತ್ತರ ಆಗಲೇ ಹೇಳಿದೆ.

ಎಲ್ಲಾ ಅಣಬೆಗೂ ಅನ್ವಯಿಸುವ ಒಂದೇ ಪರೀಕ್ಷೆ ಯಾವುದೂ ಇಲ್ಲ. ಇರೋದು ಒಂದೇ ದಾರಿ: ಒಂದೊಂದು ಜಾತಿಯನ್ನೂ ಅದರ ಎಲ್ಲಾ ಗುರುತುಗಳಿಂದ ಕಲಿಯೋದು.

ಅಣಬೆಯನ್ನ ಓದೋದು ಹೇಗೆ?

ತಿನ್ನೋದಕ್ಕಲ್ಲ, ನೋಡಿ ಕಲಿಯೋದಕ್ಕೆ ಐದು ಹೆಜ್ಜೆ ಹೇಳ್ತೀನಿ. ಮಕ್ಕಳ ಜೊತೆ ಮಾಡಿ, ತುಂಬಾ ಚೆನ್ನಾಗಿರುತ್ತೆ.

ಮೊದಲನೇದು, ಸುತ್ತ ನೋಡಿ. ಯಾವ ಮರದ ಕೆಳಗಿದೆ? ಓಕಾ, ಬೀಚಾ, ಪೈನಾ? ಮಣ್ಣಿನ ಮೇಲಾ, ಕೊಳೆತ ಮರದ ಮೇಲಾ, ಹುಲ್ಲಿನಲ್ಲಾ?

ಎರಡನೇದು, ದಂಟನ್ನ ಮೇಲೆ ಕತ್ತರಿಸಬೇಡಿ. ಬುಡದ ಸುತ್ತ ಮಣ್ಣು ಸರಿಸಿ ಪೂರ್ತಿ ಎತ್ತಿ. ಸಾವಿನ ಕೊಡೆಯ ದೊಡ್ಡ ಗುರುತು ಬುಡದಲ್ಲಿದೆ: ಗೆಡ್ಡೆಯಂತೆ ಊದಿದ ಬುಡ, ಅದನ್ನ ಸುತ್ತಿಕೊಂಡ ಹರಿದ ಬಿಳಿ ಚೀಲ. ಚಾಕುವಿನಿಂದ ಮೇಲೆ ಕತ್ತರಿಸಿದರೆ ಆ ಗುರುತು ಮಣ್ಣಿನಲ್ಲೇ ಉಳಿದುಬಿಡುತ್ತೆ.

ಮೂರನೇದು, ಕೊಡೆಯ ಅಡಿ ನೋಡಿ. ಪುಸ್ತಕದ ಹಾಳೆಗಳ ಥರ ಪದರಗಳಿವೆಯಾ, ಸ್ಪಂಜಿನ ಥರ ತೂತುಗಳಿವೆಯಾ, ಬರೀ ಉಬ್ಬು ಗೆರೆಗಳಾ? ಸಾವಿನ ಕೊಡೆಗೆ ಬಿಳಿ ಪದರಗಳು. ದಂಟಿನ ಮೇಲ್ಭಾಗದಲ್ಲಿ ಲಂಗದ ಥರ ಇಳಿಬಿದ್ದ ಉಂಗುರ ಇರುತ್ತೆ. ಕೆಲವು ಸಲ ಉಂಗುರ ಬಿದ್ದುಹೋಗಿರುತ್ತೆ, ಅದಕ್ಕೆ ಒಂದೇ ಗುರುತನ್ನ ನೆಚ್ಚಬಾರದು.

ನಾಲ್ಕನೇದು, ಉದ್ದಕ್ಕೆ ಸೀಳಿ. ಒಳಗಿನ ಬಣ್ಣ ಏನು? ಗಾಳಿಗೆ ನೀಲಿಯಾಗುತ್ತಾ, ಕಂದಾಗುತ್ತಾ? ವಾಸನೆ ಹೇಗಿದೆ?

ಐದನೇದು, ಬೀಜಕದ ಅಚ್ಚು. ದಂಟು ತೆಗೆದು ಕೊಡೆಯನ್ನ ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕವುಚಿಡಿ. ಮೇಲೊಂದು ಬಟ್ಟಲು ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಎತ್ತಿದರೆ ಬೀಜಕಗಳು ಉದುರಿ ರಂಗೋಲಿ ಬಿಟ್ಟ ಹಾಗೆ ಅಚ್ಚು ಮೂಡಿರುತ್ತೆ. ಕಾಗದ ಎರಡು ಬಣ್ಣದ್ದು ಯಾಕೆ ಅಂದ್ರೆ, ಬಿಳಿ ಬೀಜಕ ಕಪ್ಪಿನ ಮೇಲಷ್ಟೇ ಕಾಣಿಸುತ್ತೆ. ಸಾವಿನ ಕೊಡೆಯ ಅಚ್ಚು ಬಿಳಿ. ಭತ್ತದ ಹುಲ್ಲಿನ ಅಣಬೆಯದು ಮತ್ತು ಹುತ್ತದ ಅಣಬೆಯದು ನಸುಗೆಂಪು. ಕಣ್ಣಿಗೆ ಒಂದೇ ಥರ ಕಾಣುವ ಅಣಬೆಗಳು ಇಲ್ಲಿ ಬೇರೆಯಾಗ್ತವೆ.

ಅಮೆರಿಕದ ಟೆಕ್ಸಾಸ್, ಫ್ಲಾರಿಡಾ ಕಡೆಯ ಕೇಳುಗರು ಹಸಿರು ಅಚ್ಚನ್ನೂ ನೆನಪಿಟ್ಟುಕೊಳ್ಳಿ. ಮನೆ ಮುಂದಿನ ಹುಲ್ಲುಹಾಸಿನಲ್ಲಿ ದೊಡ್ಡ ಬಿಳಿ ಕೊಡೆ, ಮೇಲೆ ಕಂದು ಚಕ್ಕೆ ಇರುವ ಅಣಬೆ ಏಳುತ್ತೆ. ಹೆಸರು ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್. ನಮ್ಮ ಊರಿನ ಹುಲ್ಲುಗಾವಲಲ್ಲೂ ಇದಿದೆ. ಕೊಲ್ಲೋದು ಅಪರೂಪ, ಆದರೆ ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಮಾಡಿಸಿ ಆಸ್ಪತ್ರೆಗೆ ಮಲಗಿಸುತ್ತೆ. ಎಳೆಯದಿದ್ದಾಗ ಪದರ ಬಿಳಿಯಾಗೇ ಇರೋದರಿಂದ ತಿನ್ನುವ ಪ್ಯಾರಸಾಲ್ ಅಣಬೆ ಅಂತ ಮೋಸಹೋಗ್ತಾರೆ. ಅಚ್ಚು ತೆಗೆದರೆ ಹಸಿರು.

ಇಲ್ಲಿನವರು ಹೇಗೆ ಕಲೀತಾರೆ?

ಜರ್ಮನಿಯಲ್ಲಿ ಹೊಸಬರಿಗೆ ಮೊದಲು ಹೇಳಿಕೊಡೋದು ಪದರ ಇರುವ ಅಣಬೆಗಳನ್ನ ಬಿಟ್ಟುಬಿಡಿ, ಅಡಿಯಲ್ಲಿ ಸ್ಪಂಜು ಇರುವ ಗುಂಪಿನಿಂದ ಶುರು ಮಾಡಿ ಅಂತ. ಸಾವಿನ ಕೊಡೆ ಪದರದ ಅಣಬೆ, ಹಾಗಾಗಿ ಈ ಒಂದು ನಿಯಮದಿಂದಲೇ ಅತಿ ದೊಡ್ಡ ಅಪಾಯ ದೂರವಾಗುತ್ತೆ. ಸ್ಪಂಜಿನ ಗುಂಪಿನ ರಾಜ ಅಂದ್ರೆ ಶ್ಟೈನ್‌ಪಿಲ್ಟ್ಸ್, ಇಟಲಿಯವರ ಪೋರ್ಚಿನಿ. ದಪ್ಪ ದಂಟು, ದಂಟಿನ ಮೇಲೆ ಬಿಳಿಯ ಸಣ್ಣ ಬಲೆ, ಎಳೆಯದರಲ್ಲಿ ಬಿಳಿ ಸ್ಪಂಜು, ಬೆಳೆದಂತೆ ಹಳದಿ ಹಸಿರು. ಇದಕ್ಕೂ ಒಬ್ಬ ಜೋಡಿದಾರ ಇದ್ದಾನೆ: ಗಾಲನ್‌ರ್ಯೋರ್ಲಿಂಗ್. ಅದರ ಬಲೆ ಕಪ್ಪು ಕಂದು, ಸ್ಪಂಜು ಬರ್ತಾ ಬರ್ತಾ ನಸುಗೆಂಪು, ರುಚಿ ಹಾಗಲಕಾಯಿಗಿಂತ ಕಹಿ. ಒಂದೇ ಒಂದು ಬಿದ್ದರೂ ಇಡೀ ಪಾತ್ರೆ ಹಾಳು. ಸ್ಪಂಜು ಕೆಂಪಗಿರುವ ಸೈತಾನ ಅಣಬೆಯೂ ಈ ಗುಂಪಿನಲ್ಲಿದೆ, ಅದು ಹೊಟ್ಟೆ ಕೆಡಿಸುವ ವಿಷ. ಹಾಗಾಗಿ ಸ್ಪಂಜು ಇದ್ದ ಮಾತ್ರಕ್ಕೆ ತಿನ್ನಬಹುದು ಅಂತಲ್ಲ.

ಇನ್ನೊಂದು ಒಳ್ಳೆಯ ವ್ಯವಸ್ಥೆ ಇದೆ. ಜರ್ಮನ್ ಮೈಕಾಲಜಿ ಸಂಘ, ಡಿಜಿಎಫ್‌ಎಂ, ಪರೀಕ್ಷೆ ನಡೆಸಿ ಅಣಬೆ ತಜ್ಞರಿಗೆ ಪ್ರಮಾಣಪತ್ರ ಕೊಡುತ್ತೆ. ಅವರ ಪಟ್ಟಿ ಸಂಘದ ವೆಬ್‌ಸೈಟ್‌ನಲ್ಲಿದೆ. ಬುಟ್ಟಿ ತಗೊಂಡು ಹೋದರೆ ಒಂದೊಂದನ್ನೂ ನೋಡಿ ಹೇಳ್ತಾರೆ. ಆಸೆ ಇರುವವರು ಅವರ ಜೊತೆ ಕಾಡಿಗೆ ಹೋಗಿ ಕಲಿಯಿರಿ. ಇಲ್ಲಿ ಶ್ಟೈನ್‌ಪಿಲ್ಟ್ಸ್, ಫಿಫರ್‌ಲಿಂಗ್ ಮುಂತಾದವು ಕಾನೂನಿನ ರಕ್ಷಣೆಯಲ್ಲಿವೆ. ಮನೆ ಬಳಕೆಗೆ ಸ್ವಲ್ಪ ಕೀಳಬಹುದು, ಚೀಲಗಟ್ಟಲೆ ತುಂಬೋ ಹಾಗಿಲ್ಲ ಅನ್ನೋದೂ ಗೊತ್ತಿರಲಿ.

"ಫೋನಿನಲ್ಲಿ ಆಪ್ ಇದೆಯಲ್ಲ, ಫೋಟೋ ತೆಗೆದರೆ ಹೆಸರು ಹೇಳುತ್ತೆ" ಅಂತೀರಾ? 2023ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇಂಥ ಮೂರು ಆಪ್‌ಗಳನ್ನ ಪರೀಕ್ಷಿಸಿ ಪ್ರಕಟಿಸಿದರು. ಅತ್ಯುತ್ತಮವಾದದ್ದೂ ಸುಮಾರು ಅರ್ಧದಷ್ಟನ್ನ ಮಾತ್ರ ಸರಿಯಾಗಿ ಗುರುತಿಸಿತು. ಹೆಸರು ಊಹಿಸೋಕೆ ಆಪ್ ಇಟ್ಟುಕೊಳ್ಳಿ. ಊಟದ ನಿರ್ಧಾರ ಅದಕ್ಕೆ ಬಿಡಬೇಡಿ.

ತಜ್ಞರೂ ಸತ್ತ ಕಥೆ

ಕೊನೆಯದಾಗಿ ಒಂದು ಮಾತು. "ತಿಂದು ಏನೂ ಆಗಿಲ್ಲ" ಅನ್ನೋದು ಸಾಕ್ಷಿ ಆಗುತ್ತಾ?

ಯೂಲಿಯುಸ್ ಶೆಫರ್ ಅಂತ ಜರ್ಮನಿಯ ಹೆಸರಾಂತ ಅಣಬೆ ವಿಜ್ಞಾನಿ. 1944ರ ಅಕ್ಟೋಬರ್‌ನಲ್ಲಿ ಪ್ಯಾಕ್ಸಿಲಸ್ ಇನ್‌ವೊಲ್ಯೂಟಸ್ ಅನ್ನೋ ಕಂದು ಅಣಬೆ ತಿಂದು ಕಾಯಿಲೆ ಬಿದ್ದು ತೀರಿಕೊಂಡರು. ಅವರು ಗುರುತಿಸೋದರಲ್ಲಿ ತಪ್ಪಿರಲಿಲ್ಲ. ಆ ಕಾಲಕ್ಕೆ ಅದನ್ನ ಚೆನ್ನಾಗಿ ಬೇಯಿಸಿದರೆ ತಿನ್ನಬಹುದು ಅಂತಲೇ ಎಲ್ಲರೂ ನಂಬಿದ್ದರು. ಎಷ್ಟೋ ವರ್ಷ ತಿಂದವರಿಗೂ ಒಂದು ದಿನ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು ತನ್ನದೇ ಕೆಂಪು ರಕ್ತಕಣಗಳನ್ನ ಒಡೆಯುತ್ತೆ ಅನ್ನೋದು ಆಮೇಲೆ ಗೊತ್ತಾಯಿತು.

1952ರಲ್ಲಿ ಪೋಲೆಂಡ್‌ನಲ್ಲಿ ನೂರಕ್ಕೂ ಹೆಚ್ಚು ಜನ ಒಂದು ಕಿತ್ತಳೆ ಕಂದು ಬಣ್ಣದ ಕಾರ್ಟಿನೇರಿಯಸ್ ಅಣಬೆಯಿಂದ ಮೂತ್ರಪಿಂಡದ ಕಾಯಿಲೆಗೆ ಬಿದ್ದರು, 11 ಜನ ಸತ್ತರು. ತಿಂದು ಹಲವು ದಿನ, ಕೆಲವರಿಗೆ ಎರಡು ವಾರ ಆದ ಮೇಲೆ ಲಕ್ಷಣ ಬಂದದ್ದರಿಂದ ಅಣಬೆಗೂ ಕಾಯಿಲೆಗೂ ಸಂಬಂಧ ಇದೆ ಅಂತ ಯಾರಿಗೂ ಮೊದಲು ಹೊಳೆಯಲಿಲ್ಲ. ಅಲ್ಲಿಯವರೆಗೆ ಆ ಅಣಬೆ ಅಪಾಯದ ಪಟ್ಟಿಯಲ್ಲೇ ಇರಲಿಲ್ಲ.

"ನಮ್ಮಜ್ಜಿ ತಿಂದಿದ್ದರು, ಏನೂ ಆಗಲಿಲ್ಲ" ಅನ್ನೋ ಮಾತಿಗೆ ಇಷ್ಟೇ ಬೆಲೆ: ಅಜ್ಜಿಗೆ, ಆ ಅಣಬೆಯಿಂದ, ಆ ದಿನ ಏನೂ ಆಗಲಿಲ್ಲ.

ತಿಂದಾಗಿಬಿಟ್ಟಿದ್ದರೆ?

ಈ ಭಾಗವನ್ನ ಮನೆಯವರಿಗೆಲ್ಲ ಕೇಳಿಸಿ.

ಲಕ್ಷಣಕ್ಕೆ ಕಾಯಬೇಡಿ. ಅನುಮಾನ ಬಂದ ಕೂಡಲೇ ಫೋನ್ ಮಾಡಿ. ಜರ್ಮನಿಯಲ್ಲಿ ತುರ್ತಿಗೆ 112, ವಿಷ ಮಾಹಿತಿಗೆ ಬರ್ಲಿನ್ ಕೇಂದ್ರ 030 19240. ಅಮೆರಿಕದಲ್ಲಿ 1-800-222-1222. ಆಸ್ಟ್ರೇಲಿಯಾದಲ್ಲಿ 13 11 26.

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ಮಜ್ಜಿಗೆ, ಮನೆಮದ್ದು ಬೇಡ.

ಉಳಿದ ಅಣಬೆ, ಸಿಪ್ಪೆ, ಪಲ್ಯ, ವಾಂತಿ, ಏನಿದ್ದರೂ ಎಸೆಯಬೇಡಿ, ಜೊತೆಗೆ ತಗೊಂಡು ಹೋಗಿ. ಹಸಿ ಅಣಬೆಯನ್ನ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಬೇಗ ಕೊಳೆಯುತ್ತೆ.

ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಗಂಟೆಗೆ ಮೊದಲ ವಾಂತಿ ಆಯಿತು, ಬರೆದಿಟ್ಟುಕೊಳ್ಳಿ. 6 ಗಂಟೆ ಕಳೆದ ಮೇಲೆ ಶುರುವಾದ ವಾಂತಿ ಭೇದಿ ಅಂದ್ರೆ ವೈದ್ಯರು ಮೊದಲು ಅಮನಿಟಿನ್ ಅನ್ನೇ ಅನುಮಾನಿಸಬೇಕು. ಆದ್ದರಿಂದ "ಹೊಟ್ಟೆ ಕೆಟ್ಟಿದೆ" ಅಂತಷ್ಟೇ ಹೇಳಬೇಡಿ, "ಕಾಡಿನ ಅಣಬೆ ತಿಂದಿದ್ದೀವಿ" ಅನ್ನೋದು ಮೊದಲ ವಾಕ್ಯವಾಗಿರಲಿ. ಒಂದೇ ಊಟದಲ್ಲಿ ಹಲವು ಜಾತಿ ಸೇರಿದ್ದರೆ ಬೇಗ ವಾಂತಿ ಬಂದರೂ ಅಪಾಯ ಇಲ್ಲ ಅಂತ ಹೇಳೋಕಾಗಲ್ಲ, ಇದನ್ನೂ ಹೇಳಿ.

ಅದೇ ಪಾತ್ರೆಯಿಂದ ತಿಂದ ಎಲ್ಲರೂ ಹೋಗಿ, ಆರಾಮಾಗಿದ್ದೀನಿ ಅನ್ನುವವರೂ ಸೇರಿ. ಎರಡನೇ ದಿನ ಹುಷಾರಾದ ಹಾಗೆ ಕಂಡರೆ ಆಸ್ಪತ್ರೆಯಿಂದ ಎದ್ದು ಬರಬೇಡಿ.

ಸ್ಟುಟ್‌ಗಾರ್ಟ್‌ನ ಕೇಳುಗರೇ, ಅಮ್ಮನನ್ನ ಕಾಡಿಗೆ ಕರ್ಕೊಂಡು ಹೋಗೋದನ್ನ ನಿಲ್ಲಿಸಬೇಡಿ. ಅವರ ಕಣ್ಣು ಪಳಗಿದ ಕಣ್ಣು, ನಮಗಿಂತ ಮೊದಲು ಅವರಿಗೇ ಅಣಬೆ ಕಾಣುತ್ತೆ. ಒಂದು ಬಿಳಿ, ಒಂದು ಕಪ್ಪು ಕಾಗದ ಕೊಡಿ, ಮೊಮ್ಮಕ್ಕಳ ಜೊತೆ ಕೂತು ಅಚ್ಚು ತೆಗೆಯಲಿ. ಊರಿನಲ್ಲಿ ಅವರು ಹುತ್ತದ ಅಣಬೆಯನ್ನ ಯಾವ ಯಾವ ಗುರುತಿನಿಂದ ಕಂಡುಹಿಡೀತಿದ್ದರು ಅಂತ ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ಆ ತಿಳಿವಳಿಕೆ ಪುಸ್ತಕದಲ್ಲಿ ಪೂರ್ತಿ ಬಂದಿಲ್ಲ. ಅಡುಗೆಗೆ ಮಾತ್ರ ಅಂಗಡಿಯಿಂದ ಅಣಬೆ ತನ್ನಿ. ಮಸಾಲೆ ಅಮ್ಮನದೇ ಇರುತ್ತಲ್ಲ, ಸಾರು ಚೆನ್ನಾಗೇ ಆಗುತ್ತೆ.

ನಿಮ್ಮ ಮನೆಯಲ್ಲೂ ಊರಿನ ಅಣಬೆಗಳ ಹೆಸರು, ಗುರುತು ಬಲ್ಲವರಿದ್ದರೆ ನಮಗೆ ಧ್ವನಿ ಸಂದೇಶ ಕಳಿಸಿ. ತುಳು, ಕೊಡವ, ಹವ್ಯಕ, ಯಾವ ಮಾತಿನಲ್ಲಿದ್ದರೂ ಸರಿ. ಮುಂದಿನ ಸಂಚಿಕೆಯಲ್ಲಿ ಗೆದ್ದಲಿನ ತೋಟಗಾರಿಕೆ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ನೋಡ್ತಾ ಇರಿ, ಕೇಳ್ತಾ ಇರಿ. ನಮಸ್ಕಾರ.